ಎದುರಿನ ಕುರ್ಚಿ

“ಯಾರ್ರೀ ನೀವು? ಕ್ಲಾಸ್ ನಡೀತಿರೋದು ಕಾಣಲ್ವಾ?”

ದೀಪಶ್ರೀ ಅಷ್ಟು ಜೋರಾಗಿ ಕೂಗಿದ್ದನ್ನು ಆ ಕಾಲೇಜು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪರಿಚಿತ ತಬ್ಬಿಬ್ಬಾದ.

“ಮೇಡಂ, ಈ ಪಿರಿಯಡ್ಡು ನಂದು ಅಂತ ಟೈಮ್ ಟೇಬಲ್ಲಲ್ಲಿ...”

“ನಿಮ್ದಾ? ನಿಮ್ಮ ಮುಖ ನೋಡಿದ್ರೆ ಮೇಷ್ಟ್ರು ಅಂತ ಯಾರಾದ್ರೂ ಅಂತಾರಾ? ಮೊದ್ಲು ಆಚೆ ನಡೀರಿ.”

ಮಕ್ಕಳು ಗೊಳ್ಳೆಂದು ನಕ್ಕರು. ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಆಮೇಲೆ ತಲೆ ತಗ್ಗಿಸಿ ಹೊರಟುಹೋದ.

ಎಂಥಾ ಆಕ್ಟಿಂಗು... ಎಂದುಕೊಂಡಳು ದೀಪಶ್ರೀ.

ಪೂರಾ ಅವಳದೇ ತಪ್ಪು ಎನ್ನುವಂತಿಲ್ಲ ಬಿಡಿ. ಕೊಳ್ಳೇಗಾಲದ ಆ ಕಾಲೇಜಿನಲ್ಲಿ ಅವಳು ಮನಶ್ಶಾಸ್ತ್ರದ ಅತಿಥಿ ಉಪನ್ಯಾಸಕಿ. ಕಣ್ಣಾರೆ ಕಂಡದ್ದನ್ನೂ ಮನಸ್ಸು ಹೇಗೆ ತಪ್ಪಾಗಿ ನೆನಪಿಡುತ್ತದೆ ಎಂಬುದು ಅಂದಿನ ಪಾಠ. ಅದಕ್ಕಾಗಿ ಅಟೆಂಡರ್ ರಂಗನಾಯಕನ ಜೊತೆ ಗುಟ್ಟಾಗಿ ಮಾತಾಡಿಕೊಂಡಿದ್ದಳು. ಅವನ ಬಾಮೈದ ಪಾಠದ ನಡುವೆ ನುಗ್ಗಬೇಕು, ಜಗಳ ತೆಗೆಯಬೇಕು, ಅವಳ ಬ್ಯಾಗ್ ಎತ್ತಿಕೊಂಡು ಓಡಬೇಕು. ಬಂದವನು ಹೇಗಿದ್ದ, ಏನು ತೊಟ್ಟಿದ್ದ ಎಂದು ಆಮೇಲೆ ಮಕ್ಕಳನ್ನು ಕೇಳುವುದು. ಆ ಬಾಮೈದನ ಮುಖವನ್ನು ಅವಳೂ ಕಂಡಿರಲಿಲ್ಲ.

ಬ್ಯಾಗನ್ನೇ ಮರೆತು ಹೋದನಲ್ಲ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ, ಕೆಂಪು ಟೀಶರ್ಟಿನ ಇನ್ನೊಬ್ಬ ನುಗ್ಗಿ ಬಂದು ಬ್ಯಾಗ್ ಎತ್ತಿಕೊಂಡು ಓಡಿಯೇಬಿಟ್ಟ.

ರಂಗನಾಯಕನ ಬಾಮೈದ ಇವನು! ಹಾಗಾದರೆ ಮೊದಲು ಬಂದವನು...?

ಮೊದಲು ಬಂದವನು ಶಾಂತಮೂರ್ತಿ. ಬಂಡಳ್ಳಿಯವನು, ಅರ್ಥಶಾಸ್ತ್ರಕ್ಕೆ ಹೊಸದಾಗಿ ಬಂದ ಅತಿಥಿ ಉಪನ್ಯಾಸಕ. ಅವನ ಮೊದಲನೇ ದಿನ, ಮೊದಲನೇ ಕ್ಲಾಸು. ಹೋಗಿ ಹೋಗಿ ತಪ್ಪು ಕೋಣೆಗೆ ಹೊಕ್ಕಿದ್ದ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವಳು ಕೈಮುಗಿದು ಕ್ಷಮೆ ಕೇಳಿದಳು. ಎಲ್ಲ ವಿವರಿಸಿದಳು.

“ಇರ್ಲಿ ಬಿಡಿ ಮೇಡಂ,” ಎಂದ. ಅಷ್ಟೇ.

ಆಮೇಲೆ ಕುರ್ಚಿ ಕಿರ್ರೆಂದಿತು. ದೂರ ಸರಿಸಿಕೊಂಡು, ಊಟದ ಡಬ್ಬಿ ಹಿಡಿದು ಎದ್ದು ಹೋದ. ಹಾಗೆಂದೇ ದೀಪಶ್ರೀಯ ನೆನಪು.

ಅವತ್ತಿನಿಂದ ದಿನವೂ ಅದೇ. ಅವಳು ಡಬ್ಬಿ ಹೊರತೆಗೆಯುವ ಹೊತ್ತಿಗೆ ಅವನು ಮೆಲ್ಲಗೆ ಹೊರನಡೆಯುತ್ತಿದ್ದ. ಉಳಿದವರೆಲ್ಲ ದೊಡ್ಡ ಮೇಜಿನ ಸುತ್ತ ಗುಂಪಾಗಿ ಉಣ್ಣುತ್ತಿದ್ದರು. ದೀಪಶ್ರೀ ಮಾತ್ರ ಕಿಟಕಿ ಪಕ್ಕದ ಪುಟ್ಟ ಟೇಬಲ್ಲಿನಲ್ಲಿ, ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತಾ ಅನ್ನ ಕಲಸುತ್ತಿದ್ದಳು.

ಅವಳಿಗೆ ಯಾರಿದ್ದರು ಹೇಳಿ? ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಯಳಂದೂರಿನಲ್ಲಿ ಅಣ್ಣನ ಮನೆಯಿತ್ತು. ಹೋದರೆ ಊಟ ಹಾಕುತ್ತಿದ್ದರು, ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಕೊಳ್ಳೇಗಾಲದ ಬಾಡಿಗೆ ರೂಮಿನಲ್ಲಿ ಮನುಷ್ಯರ ದನಿ ಕೇಳಲೆಂದೇ ಟಿವಿ ಹಾಕಿಡುತ್ತಿದ್ದಳು. ಏನು ಬರುತ್ತಿದೆ ಎಂದು ನೋಡುತ್ತಲೂ ಇರಲಿಲ್ಲ.

ಇಂಥ ಹೆಣ್ಣಿನ ಪಕ್ಕದ ಕೋಣೆಯಲ್ಲೇ ಅವನ ಪಾಠ. ಹುರುಪು ಬಂದಾಗ ಅವನ ಬಾಯಿಗೆ ಬಂಡಳ್ಳಿ ಮಾತು ಬಂದುಬಿಡುತ್ತಿತ್ತು. “ಬೆಲೆ ಏರ್ದಾಗ ಜನ ಏನ್ ಮಾಡ್ತಾರೆ? ಬೇರೆ ಅಂಗ್ಡಿಗೆ ಓಯ್ತಾರೆ.” ಗೋಡೆಯಾಚೆ ಆ ದನಿ ಕೇಳಿದಾಗ ದೀಪಶ್ರೀ ಬೋರ್ಡಿನ ಮೇಲೆ ನಿಧಾನವಾಗಿ ಬರೆಯುತ್ತಿದ್ದಳು. ಒಂದು ದನಿಗೆ ಗಮನ ಕೊಟ್ಟರೆ ಉಳಿದ ಗದ್ದಲ ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟುವುದಿಲ್ಲ ಎಂದು ಪಾಠ ಮಾಡುವವಳೂ ಅವಳೇ. ಪುಸ್ತಕದಲ್ಲಿದ್ದದ್ದು ತನ್ನ ಮೈಮೇಲೇ ಬಂತಲ್ಲ ಎಂದು ಒಳಗೊಳಗೇ ನಾಚಿಕೆ.

*ನನ್ನನ್ನು ಕಂಡರೇ ಆಗದವನ ದನಿಗೆ ಯಾಕಿಷ್ಟು ಕಾಯ್ತೀನಿ...*

ಸೆಮಿಸ್ಟರಿನ ಕೊನೆಯ ಪಾಠ ಮತ್ತೆ ನೆನಪಿನದೇ.

“ಮನಸ್ಸು ಫೋಟೋ ತೆಗೆದು ಇಡಲ್ಲ. ಪ್ರತಿ ಸಲ ನೆನಪು ಮಾಡ್ಕೊಂಡಾಗಲೂ ಹೊಸದಾಗಿ ಕಟ್ಟುತ್ತೆ. ನಾವು ಮೊದಲೇ ಏನು ನಂಬಿರ್ತೀವೋ ಅದಕ್ಕೆ ಹೊಂದೋ ಹಾಗೆ ಕಟ್ಟುತ್ತೆ.”

“ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ ಮಿಸ್, ಹಂಗಾ?” ಎಂದಳು ಮುಂದಿನ ಬೆಂಚಿನ ಭವ್ಯ. “ಹಂಗಾದ್ರೆ ನಿಜ ಯಾವ್ದು ಅಂತ ಗೊತ್ತಾಗೋದು ಹೆಂಗೆ?”

“ಅಲ್ಲಿದ್ದ ಇನ್ನೊಬ್ಬರನ್ನ ಕೇಳ್ಬೇಕು,” ಎಂದು ಹೇಳಿ ದೀಪಶ್ರೀ ಹಾಗೇ ನಿಂತುಬಿಟ್ಟಳು.

*ನಾನು ಅವನನ್ನ ಕೇಳಿದ್ದೀನಾ?*

ಹೊರಗೆ ಬಂದಾಗ ರಂಗನಾಯಕ ಸಿಕ್ಕಿದ.

“ಶಾಂತಮೂರ್ತಿ ಸಾ ಒಂಟೋದ್ರು ಮೇಡಂ. ಇನ್ಮ್ಯಾಕೆ ಅನೂರು ಕಾಲೇಜಂತೆ. ಎಲ್ರಿಗೂ ಯೋಳಿದ್ರಲ್ಲ, ನಿಮ್ಗೆ ಗೊತ್ತಿಲ್ವಾ?”

ಹನೂರಿಗೆ ಹೋಗುವ ವಿಷಯ ಅವಳಿಗೆ ಮಾತ್ರ ಹೇಳಿರಲಿಲ್ಲ. ರೂಮಿಗೆ ಹೋಗಿ ಟಿವಿ ಹಾಕಿಕೊಂಡು ಕೂತರೆ ಇದೂ ಮುಗಿದುಹೋಗುತ್ತದೆ. ನಾಳೆಯಿಂದ ಗೋಡೆಯಾಚೆ ಆ ದನಿಯೂ ಇರುವುದಿಲ್ಲ... ಅವಳ ಕಾಲುಗಳು ಬಸ್ ಸ್ಟ್ಯಾಂಡಿನ ಕಡೆ ತಿರುಗಿದವು.

ಹನೂರು ಬಸ್ಸಿನ ಪಕ್ಕದಲ್ಲೇ ಅವನು ನಿಂತಿದ್ದ. ಓಡೋಡಿ ಬಂದವಳನ್ನು ಕಂಡು ಗಾಬರಿಯಾದ.

“ಏನಾಯ್ತು ಮೇಡಂ?”

“ಒಂದು ಮಾತು ಕೇಳ್ಬೇಕು ಸರ್. ಅವತ್ತು ನಾನು ಕ್ಷಮೆ ಕೇಳಿದಾಗ ನೀವು ಕುರ್ಚಿ ದೂರ ಎಳ್ಕೊಂಡ್ರಿ. ನನ್ನ ಮೇಲೆ ಅಷ್ಟು ಬೇಜಾರಿತ್ತಾ?”

“ದೂರವಾ?” ಅವನು ಹುಬ್ಬು ಗಂಟಿಕ್ಕಿದ. “ನಿಮ್ಮ ಟೇಬಲ್ ತಾವಕ್ಕೆ ಎಳ್ಕಂಡೆ ಮೇಡಂ, ಜೊತೇಲಿ ಉಣ್ಣಾನ ಅಂತ. ನೀವೇ ಅಂದ್ರಿ, ಎದ್ರುಗೆ ಯಾರಾದ್ರೂ ಕೂತ್ರೆ ನಂಗೆ ಊಟ ಸೇರಲ್ಲ ಅಂತ. ಅದ್ಕೇ ಎದ್ದೋದೆ.”

“ನಾನಾ?”

ಕೇಳಿದ ಮೇಲೆ ಒಂದೊಂದಾಗಿ ನೆನಪಾಯಿತು. ಕಾಲೇಜಿಗೆ ಸೇರಿದ ಹೊಸದರಲ್ಲಿ ದೊಡ್ಡ ಮೇಜಿನವರು ಯಾರೂ ಸರಿದು ಜಾಗ ಕೊಡಲಿಲ್ಲ. ಆ ಅವಮಾನ ಮುಚ್ಚಿಕೊಳ್ಳಲು ಅವಳೇ ಹುಟ್ಟುಹಾಕಿದ ಮಾತು ಅದು. ಹೇಳಿ ಹೇಳಿ ಬಾಯಿಗೆ ರೂಢಿಯಾಗಿಬಿಟ್ಟಿತ್ತು. ಅವನಿಗೂ ಹಾಗೇ ಅಂದಿದ್ದಳು. ಅಂದದ್ದನ್ನು ಅವಳ ಮನಸ್ಸು ಕೈಬಿಟ್ಟು, ಕುರ್ಚಿಯ ಸದ್ದನ್ನು ಮಾತ್ರ ಇಟ್ಟುಕೊಂಡಿತ್ತು.

“ಅದು ಸುಳ್ಳು ಸರ್...” ಕಣ್ಣು ತುಂಬಿ ಬಂತು. “ಯಾರೂ ನನ್ನ ಜೊತೆ ಕೂರ್ತಿರಲಿಲ್ಲ. ಅದಕ್ಕೆ ನಾನೇ ಬೇಡ ಅಂದ ಹಾಗೆ ಹೇಳ್ಕೊಂಡು ತಿರುಗ್ತಿದ್ದೆ.”

ಶಾಂತಮೂರ್ತಿ ಹೆಗಲ ಚೀಲ ಕೆಳಗಿಟ್ಟ.

“ಸೈಕಲ್ ಸ್ಟ್ಯಾಂಡ್ ತಾವ ಕುಂತ್ರೆ ನಿಮ್ಮ ಕಿಟ್ಕಿ ಕಾಣ್ತದೆ,” ಎಂದ ಮೆಲ್ಲಗೆ. “ನೀವು ಡಬ್ಬಿ ತೆಗ್ದ ಮ್ಯಾಲೇ ನಾನೂ ತೆಗೀತಿದ್ದೆ. ಜೊತೇಲಿ ಉಂಡಂಗಾಯ್ತದಲ್ಲ ಅಂತ.”

ಕಿಟಕಿಯ ಪಕ್ಕದಲ್ಲೇ ಕೂತು ಒಂದು ದಿನವೂ ಹೊರಗೆ ನೋಡಿರಲಿಲ್ಲವಲ್ಲ ಅವಳು.

“ಮತ್ತೆ ಹೋಗೋ ವಿಷಯ ನನಗೊಬ್ಬಳಿಗೆ ಯಾಕೆ ಹೇಳ್ಲಿಲ್ಲ?”

“ಯೋಳಕ್ಕೆ ಬಂದ್ರೆ ಬಾಯಿ ಬರ್ನಿಲ್ಲ ಕಣ್ರಿ.”

“ಅನೂರು, ಅನೂರು...” ಕಂಡಕ್ಟರ್ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. “ಸಾ, ಬತ್ತೀರಾ ಇಲ್ವಾ?”

“ನೀ ನಡಿಯಪ್ಪ. ಮುಂದಿನ ಬಸ್ಸಿಗೆ ಬತ್ತೀನಿ.”

ಬಸ್ಸು ಹೋಯಿತು. ಅವಳು ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಅವತ್ತು ಇಬ್ಬರೂ ಉಂಡಿರಲಿಲ್ಲ. ಅವನೂ ತನ್ನ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದು ನಿಂತೇ ಇದ್ದ.

“ನಾನೆಲ್ಲಿ ಕೂತ್ಕಳ್ಲಿ?”

“ಎದುರಿಗೆ ಬೇಡ,” ಎಂದಳು ಕಣ್ಣೊರೆಸಿಕೊಳ್ಳುತ್ತಾ. “ಪಕ್ಕದಲ್ಲಿ.”

ಅವನು ಕೂತ. ರೊಟ್ಟಿ ಮುರಿದು ಅರ್ಧ ಅವಳ ಡಬ್ಬಿಗೆ ಹಾಕಿದ.

“ಅನೂರಿಂದ ದಿನಾ ಮದ್ಯಾನದ ಊಟಕ್ಕೆ ಬರಕ್ಕಾಗಲ್ಲ. ರಾತ್ರಿ ಊಟ ಆದ್ರೆ... ಜೀವ ಇರೋಗಂಟ ಆಯ್ತದೆ. ನಮ್ಮಪ್ಪಾರ್ನ ಯಳಂದೂರಿಗೆ, ನಿಮ್ಮಣ್ಣಾರ ತಾವಕ್ಕೆ ಕಳ್ಸಲಾ?”

ದೀಪಶ್ರೀ ಹೂಂ ಎಂದು ತಲೆಯಾಡಿಸಿದಳು.

“ಕಳಿಸಿ. ಆದ್ರೆ ಮೊದಲ ದಿನ ನಾನು ನಿಮ್ಮನ್ನ ಬೈದಿದ್ದು ಮಾತ್ರ ಅವರಿಗೆ ಹೇಳ್ಬೇಡಿ.”

“ಏನ್ ಬೈದ್ರಿ? ನಂಗೆ ನೆಪ್ಪೇ ಇಲ್ಲ.”

“ಸುಳ್ಳು.”

“ಊಂ, ಸುಳ್ಳೇ,” ಎಂದು ಅವನು ನಕ್ಕ. “ಉಣ್ಣಿ.”