ಇಬ್ಬರು ಥ್ಯಾಂಕ್‌ಫುಲ್

"ಮೂರು ವರ್ಷಕ್ಕೇ ಸತ್ತವಳಿಗೆ ಒಂಬತ್ತು ಮಕ್ಕಳಾ!"

ವಿಲ್ಲಾಳ ಕ್ಲಾಸಿನ ಡೆಕ್ಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ವಿಲ್ಲಾ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮೊಣಕಾಲೂರಿ, ಪಾಚಿ ಹಿಡಿದ ಪುಟ್ಟ ಕಲ್ಲನ್ನೇ ನೋಡುತ್ತಿದ್ದಳು. ಥ್ಯಾಂಕ್‌ಫುಲ್, ಜಾನಥನ್ ಬರ್ಜೆಸ್‌ನ ಮಗಳು, 1714ರಲ್ಲಿ ತೀರಿಕೊಂಡಳು, ವಯಸ್ಸು ಮೂರು. ಕೆತ್ತಿದ್ದು ಸ್ಪಷ್ಟವಾಗಿಯೇ ಇತ್ತು.

ಆದರೆ ವಿಲ್ಲಾ ಶಾಲೆಗೆಂದು ಬರೆದಿದ್ದ ವಂಶವೃಕ್ಷದ ಚಾರ್ಟಿನಲ್ಲಿ ಅದೇ ಜಾನಥನ್‌ನ ಮಗಳು ಥ್ಯಾಂಕ್‌ಫುಲ್ 1736ರಲ್ಲಿ ಮದುವೆಯಾಗಿ ಒಂಬತ್ತು ಮಕ್ಕಳನ್ನು ಹೆತ್ತಿದ್ದಳು! ಅಮೆರಿಕವನ್ನು ಇನ್ನೂ ಇಂಗ್ಲೆಂಡಿನ ರಾಜ ಆಳುತ್ತಿದ್ದ ಕಾಲದ ಆ ಮುತ್ತಜ್ಜಿಯಿಂದಲೇ ವಿಲ್ಲಾಳ ವಂಶ ಶುರು. ಶುಕ್ರವಾರ ಚಾರ್ಟು ಕ್ಲಾಸಿನ ಗೋಡೆಗೆ ಏರಬೇಕು. ತಪ್ಪಿದ್ದರೆ ಟೀಚರ್ ಮಿಸ್ ಆಲ್ಕಾರ್ನ್ ಏರಿಸುವುದಿಲ್ಲ.

"ದೆವ್ವದ ಮೊಮ್ಮಗಳು!" ಎಂದ ಡೆಕ್ಸ್ಟರ್.

ವಿಲ್ಲಾ ಸುಮ್ಮನಿರುವ ಪೈಕಿ ಅಲ್ಲ. "ಹೂಂ ಕಣೋ. ನಮ್ಮನೇಲಿ ದೆವ್ವಗಳಿಗೂ ಮದುವೆ ಮಾಡ್ತೀವಿ. ಒಬ್ಳಿಗೆ ಗಂಡು ಹುಡುಕ್ತಾ ಇದೀವಿ. ನಿನ್ನ ಹೆಸರು ಬರ್ಕೊಂಡಿದೀನಿ."

ಡೆಕ್ಸ್ಟರ್‌ನ ನಗು ಅರ್ಧಕ್ಕೇ ನಿಂತಿತು. ಸೈಕಲ್ ಹತ್ತಿದವನು ಹಿಂದಿರುಗಿ ನೋಡಲಿಲ್ಲ. ಬಾಯಿ ಏನೋ ಗೆದ್ದಿತು. ಚಾರ್ಟಿನ ಗತಿ?

ಮನೆಯ ಬಾಗಿಲಲ್ಲಿ ಐದು ವರ್ಷದ ತಮ್ಮ ಓಟಿಸ್ ಹೊಸ ಬೆಕ್ಕಿನ ಮರಿಯ ಹಿಂದೆ ಓಡುತ್ತಿದ್ದ. "ಪಿಕಲ್! ಪಿಕಲ್!"

"ಪಿಕಲ್ ನಮ್ಮ ಹಳೇ ಬೆಕ್ಕು, ಚಳಿಗಾಲದಲ್ಲೇ ಸತ್ತೋಯ್ತು. ಇದಕ್ಕೊಂದು ಹೊಸ ಹೆಸರು ಹುಡುಕೋಕೂ ಬರಲ್ವಾ ನಿಂಗೆ? ಕಾಪಿ ಮಾಸ್ಟರ್!" ಎಂದು ರೇಗಿದಳು ವಿಲ್ಲಾ. ಓಟಿಸ್‌ನ ಮುಖ ಸಣ್ಣದಾಯಿತು.

ಅಡುಗೆಮನೆಯಲ್ಲಿ ಅಜ್ಜಿ ಜೋಳದ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದಳು.

"ಅಜ್ಜೀ, ನೀ ಹೇಳಿದ್ದೆಲ್ಲ ಬುರುಡೆ! ಥ್ಯಾಂಕ್‌ಫುಲ್ ಮೂರನೇ ವರ್ಷಕ್ಕೇ ಸತ್ತಿದಾಳೆ. ಅಂದ್ರೆ ನಾನೂ ಇಲ್ಲ, ನೀನೂ ಇಲ್ಲ!"

"ನಾನಿಲ್ದೇ ಹೋದ್ರೆ ಈ ಬ್ರೆಡ್ಡು ಯಾರು ಮಾಡ್ತಾರೇ?" ಅಜ್ಜಿ ಕೈ ತೊಳೆದು, ಕಪಾಟಿನಿಂದ ಮನೆತನದ ಹಳೆಯ ಬೈಬಲ್ ತಂದಳು. ಕೊನೆಯ ಖಾಲಿ ಹಾಳೆಯಲ್ಲಿ ಮಾಸಿದ ಶಾಯಿಯಲ್ಲಿ ಜಾನಥನ್‌ನ ಮಕ್ಕಳ ಹೆಸರುಗಳಿದ್ದವು.

1711, ಥ್ಯಾಂಕ್‌ಫುಲ್. ಪಕ್ಕದಲ್ಲಿ, ತೀರಿಕೊಂಡಳು.

ಅದರ ಕೆಳಗೆ 1716, ಮತ್ತೆ ಥ್ಯಾಂಕ್‌ಫುಲ್.

"ಎರಡು ಸಲ ಬರ್ದಿದಾರಲ್ಲ. ತಪ್ಪಾಗಿದ್ಯಾ?"

"ತಪ್ಪಲ್ಲ ಕಣೇ. ಆಗೆಲ್ಲ ಒಂದು ಮಗು ಹೋದ್ರೆ, ಆಮೇಲೆ ಹುಟ್ಟಿದ್ದಕ್ಕೆ ಅದೇ ಹೆಸರಿಡೋರು. ನಾವು ಎರಡನೆಯವಳ ಕಡೆಯವರು."

"ಅವರಮ್ಮಂಗೆ ಬೇರೆ ಹೆಸರೇ ಸಿಗ್ಲಿಲ್ವಾ?"

"ಸಿಗ್ತಿತ್ತು," ಎಂದಳು ಅಜ್ಜಿ. "ಆದ್ರೆ ಮೂರು ವರ್ಷ ದಿನಾ ಊಟಕ್ಕೆ ಕೂಗಿದ ಹೆಸರಲ್ವಾ?"

ವಿಲ್ಲಾಳಿಗೆ ಯಾಕೋ ತುಂಬ ಬೇಜಾರಾಯಿತು. ಪೆನ್ಸಿಲ್ ತೆಗೆದು, ಚಾರ್ಟಿನಲ್ಲಿ ಮದುವೆಯಾದ ಥ್ಯಾಂಕ್‌ಫುಲ್‌ಳ ಪಕ್ಕ ಒಂದು ಪುಟ್ಟ ಚೌಕ ಬರೆದು ಅದರಲ್ಲೂ ಅದೇ ಹೆಸರು ತುಂಬಿದಳು.

ಶುಕ್ರವಾರ ಚಾರ್ಟು ಗೋಡೆ ಏರಿತು. ಡೆಕ್ಸ್ಟರ್ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಬೆಕ್ಕಿನ ಮರಿ ಮೆಟ್ಟಿಲ ಕೆಳಗೆ ಸೇರಿಕೊಂಡಿತ್ತು. ಓಟಿಸ್ ಹಾಲಿನ ಬಟ್ಟಲು ಹಿಡಿದು ಮೆಲ್ಲಗೆ ಕರೆಯುತ್ತಿದ್ದ. "ಏ ಬೆಕ್ಕು... ಬಾ ಬೆಕ್ಕು..."

ವಿಲ್ಲಾ ಬ್ಯಾಗು ಕೆಳಗಿಟ್ಟು ಅವನ ಪಕ್ಕದಲ್ಲಿ ಬಗ್ಗಿದಳು.

"ಪಿಕಲ್," ಎಂದು ಕೂಗಿದಳು. "ಪಿಕಲ್, ಊಟಕ್ಕೆ ಬಾ."