ಹಸಿರು ದಾರ ಇಟ್ಟ ಪುಟಗಳು

ಪುಸ್ತಕದೊಳಗಿಂದ ಜಾರಿದ ಚೀಟಿ ಬಿದ್ದದ್ದು ಗ್ರಂಥಾಲಯದ ಕೌಂಟರಿನ ಮೇಲೆ. ಆದರೆ ಧಸಕ್ಕೆಂದದ್ದು ಗ್ರಂಥಪಾಲಕಿಯ ಎದೆ.

'ನಿವೃತ್ತಿಯ ನಂತರ ನೋಡಬೇಕಾದ ಜಾಗಗಳು. ಇಬ್ಬರಿಗೆ.'

ಆ ದುಂಡು ಅಕ್ಷರ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಗುರುವಾರ ರಿಜಿಸ್ಟರಿನಲ್ಲಿ ಅದೇ ಕೈಯ ಸಹಿ ಬೀಳುತ್ತಿತ್ತು. ಹರಿದ ಪುಸ್ತಕ ಹೊಲಿಯಲು ಬರುವ ಬೈಂಡರ್‌ದು!

"ಅಯ್ಯೋ, ಅದು ನಂದು ಕಣ್ರೀ," ಎಂದು ನಕ್ಕು, ಪುಸ್ತಕ ವಾಪಸು ತಂದಿದ್ದ ನಿವೃತ್ತ ನರ್ಸ್ ಚೀಟಿಯನ್ನು ಚೀಲಕ್ಕೆ ಸೇರಿಸಿದಳು. ಹಳದಿ ಕೊಡೆ ಬೀಸಿಕೊಂಡು ಹೊರಟೂ ಹೋದಳು. ಅಷ್ಟರಲ್ಲಿ ಇವಳು ಚೀಟಿಯ ಮೂರು ಸಾಲು ಓದಿ ಆಗಿತ್ತು. ರಾತ್ರಿಯೂ ಸೂರ್ಯ ಮುಳುಗದ ಊರು. ರಾತ್ರಿ ತಂಗಲು ಬಿಡುವ, ಕಡಲ ದಂಡೆಯ ದೀಪಸ್ತಂಭ. ಬೆಟ್ಟ ಹತ್ತುವ ಪುಟ್ಟ ರೈಲು.

ಅವೆಲ್ಲ ನನ್ನ ಜಾಗಗಳಲ್ಲವೇ... ಲೋಕದಲ್ಲಿ ಅಷ್ಟು ಊರಿದ್ದರೂ ಇವರಿಬ್ಬರಿಗೆ ನನ್ನವೇ ಬೇಕಾಯಿತೇ?

ಅವಳನ್ನು ಎಲ್ಲರೂ ಕರೆಯುವುದು 'ಶ್ ಮೇಡಂ' ಎಂದು. ಮೂವತ್ತೊಂದು ವರ್ಷ ಆ ಗ್ರಂಥಾಲಯದಲ್ಲಿ ಕೂತು, ಯಾರು ದನಿ ಎತ್ತಿದರೂ ತುಟಿಗೆ ಬೆರಳಿಟ್ಟು 'ಶ್' ಎಂದು ಸಂಪಾದಿಸಿದ ಬಿರುದು ಅದು. ಇನ್ನು ಮೂರು ವಾರಕ್ಕೆ ನಿವೃತ್ತಿ. ತಮ್ಮ ತನ್ನ ಮನೆಯಲ್ಲಿ ಅಕ್ಕನಿಗೆಂದು ಒಂದು ರೂಮು ಬಿಡಿಸಿ, ಸುಣ್ಣವನ್ನೂ ಹೊಡೆಸಿಟ್ಟಿದ್ದ.

ಅಮ್ಮನ ಕಾಯಿಲೆ, ತಮ್ಮನ ಓದು ಎನ್ನುತ್ತಲೇ ಮದುವೆಯ ವಯಸ್ಸು ಬಾಗಿಲಲ್ಲೇ ನಿಂತು ವಾಪಸು ಹೋಗಿತ್ತು. ಊರು ಬಿಟ್ಟು ಹೋದದ್ದು ಎರಡು ಸಲ ತರಬೇತಿಗೆ ಮಾತ್ರ. ಆದರೆ ಪ್ರವಾಸದ ಪುಸ್ತಕಗಳಲ್ಲಿ ಅವಳು ತಿರುಗದ ದೇಶವಿರಲಿಲ್ಲ. ಯಾವುದಾದರೂ ಜಾಗ ಮನಸ್ಸಿಗೆ ಹಿಡಿಸಿದರೆ, ಊಟದ ಬಿಡುವಿನಲ್ಲಿ ಹಾಕುವ ಕಸೂತಿಯಿಂದ ಒಂದೆಳೆ ಹಸಿರು ದಾರ ತುಂಡರಿಸಿ ಆ ಪುಟದಲ್ಲಿ ಇಡುತ್ತಿದ್ದಳು. ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ... ಅಥವಾ ಗೊತ್ತಿಲ್ಲವೆಂದು ಅವಳು ನಂಬಿದ್ದಳು.

ಬೈಂಡರ್ ಹೆಂಡತಿಯನ್ನು ಕಳೆದುಕೊಂಡು ಒಂಬತ್ತು ವರ್ಷ. ಗುರುವಾರ ಬಂದು, ಹಿಂದಿನ ಮೇಜಿನಲ್ಲಿ ಗೋಂದು, ಸೂಜಿ, ರಟ್ಟು ಹರಡಿಕೊಂಡು ಹರಿದ ಪುಸ್ತಕಗಳನ್ನು ಹೊಲಿಯುತ್ತಿದ್ದ. ಹನ್ನೊಂದಕ್ಕೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ನಿವೃತ್ತಿ ಆದಮೇಲೆ ಏನು ಮಾಡುತ್ತೀರಿ ಎಂದು ಅವನೊಮ್ಮೆ ಕೇಳಿದ್ದ. ತಮ್ಮನ ಮನೆಯ ರೂಮಿನ ವಿಷಯ ಹೇಳಿದಾಗ, "ಹಾಗಾ..." ಎಂದು ಲೋಟದ ತಳ ನೋಡುತ್ತಾ ಕೂತಿದ್ದ. ಆ ಒಂದು 'ಹಾಗಾ'ವನ್ನು ಹಿಡಿದುಕೊಂಡು ಅವಳು ಎರಡು ತಿಂಗಳು ಕಳೆದಿದ್ದಳು.

ಈಗ ನೋಡಿದರೆ 'ಇಬ್ಬರಿಗೆ' ಅಂತೆ!

ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ. ಐವತ್ತೊಂಬತ್ತು ತುಂಬಿದ ಆ ಹೆಂಗಸು ಅಂದು ಮನೆಗೆ ಹೋಗಿ, ಕನ್ನಡಿಯ ಮುಂದೆ ನಿಂತು, ನರ್ಸ್ ನಗುವ ಹಾಗೆ ನಗಲು ನೋಡಿದಳು. ಬರಲಿಲ್ಲ. ಹಳದಿ ಕೊಡೆ ಎಲ್ಲಿ ಸಿಗುತ್ತದೆ ಎಂದೂ ಒಂದು ಕ್ಷಣ ಯೋಚಿಸಿ, ತನಗೆ ತಾನೇ ಛೀಮಾರಿ ಹಾಕಿಕೊಂಡಳು.

ಮರುದಿನ ಅವಳು ಮಾಡಿದ್ದನ್ನು ಯಾವ ಗ್ರಂಥಪಾಲಕಿಯೂ ಮಾಡಬಾರದು. ಪ್ರವಾಸದ ಇಪ್ಪತ್ತೆರಡು ಪುಸ್ತಕಗಳನ್ನು ತಳ್ಳುಗಾಡಿಗೆ ಹಾಕಿಕೊಂಡು ಹೋಗಿ, ಧೂಳು ಹಿಡಿದ ಕಾನೂನು ಸಂಪುಟಗಳ ಹಿಂದೆ ಅಡಗಿಸಿಟ್ಟಳು. ಈ ಜನ್ಮದಲ್ಲಿ ಯಾರೂ ಅತ್ತ ಸುಳಿಯುವುದಿಲ್ಲ. ಹೋಗಲಿ, ಅದು ಹೇಗೆ ಹೋಗುತ್ತಾರೋ ನೋಡೇಬಿಡೋಣ!

ಕೊನೆಯ ಪುಸ್ತಕ ಇಡುವ ಮೊದಲು ಮನಸ್ಸು ತಡೆಯದೆ ದೀಪಸ್ತಂಭದ ಪುಟ ತೆರೆದಳು. ದಾರವಿರಲಿಲ್ಲ. ಇನ್ನೊಂದು ತೆರೆದಳು. ಅಲ್ಲೂ ಇಲ್ಲ. ಇಪ್ಪತ್ತೆರಡನ್ನೂ ನೆಲಕ್ಕೆ ಹರಡಿ ಹುಡುಕಿದಳು. ಒಂದೆಳೆಯೂ ಸಿಗಲಿಲ್ಲ.

ಹೊಲಿಗೆಗೆ ಮುಂಚೆ ಪುಸ್ತಕದೊಳಗಿನ ಕಸ ತೆಗೆಯುವುದು ಬೈಂಡರನ ಕ್ರಮ. ಒಣಗಿದ ಹೂವು, ಬಸ್ ಟಿಕೆಟು, ಎಲ್ಲವನ್ನೂ ತೆಗೆಯುತ್ತಿದ್ದ. ಹಾಗಾದರೆ ನನ್ನ ಆಸೆಗಳೂ ಕಸದ ಬುಟ್ಟಿಗೆ ಹೋದವು... ಅವಳು ಅಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುವಾರ ಬಂತು. ನರ್ಸೂ ಬಂದಳು. ಪ್ರವಾಸದ ಇನ್ನೊಂದು ಪುಸ್ತಕ ಬೇಕೆಂದಳು.

"ಇಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ನರ್ಸ್ ಹಿಂದಿನ ಮೇಜಿನತ್ತ ತಿರುಗಿ ನೋಡಿದಳು. ಬೈಂಡರ್ ಸೂಜಿ ಕೆಳಗಿಟ್ಟು ಎದ್ದು ನಿಂತ. ಆ ಒಂದು ನೋಟ ಸಾಕಾಯಿತು. ಮೂವತ್ತೊಂದು ವರ್ಷದ ಮೌನದ ಕಟ್ಟೆ ಒಡೆಯಿತು.

"ಹೋಗಿ, ಇಬ್ಬರೂ ಎಲ್ಲಿಗೆ ಬೇಕಾದ್ರೂ ಹೋಗಿ! ನಂಗೇನು? ಆದ್ರೆ ನನ್ನ ದಾರಗಳು ನಿಮಗೇನು ಮಾಡಿದ್ವು? ಅದನ್ಯಾಕೆ ಬಿಸಾಕಿದ್ರಿ?"

ಓದುವ ಕೋಣೆಯ ತಲೆಗಳೆಲ್ಲ ಮೇಲೆದ್ದವು. ಮೂಲೆಯಲ್ಲಿ ದಿನಪತ್ರಿಕೆ ಹಿಡಿದಿದ್ದ ಮುದುಕರೊಬ್ಬರು ತುಟಿಗೆ ಬೆರಳಿಟ್ಟು, "ಶ್!" ಎಂದರು.

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಬೈಂಡರ್ ತನ್ನ ಮೇಜಿನತ್ತ ಬಾಗಿದ. ಸೂಜಿ ಡಬ್ಬಿಯ ಅಡಿಯಿಂದ ಒಂದು ಲಕೋಟೆ ತಂದು ಕೌಂಟರಿನ ಮೇಲಿಟ್ಟ. ಒಳಗೆ ಉದ್ದನೆಯ ಹಾಳೆಗಳು. ಹಾಳೆಗೆ ಸಾಲಾಗಿ ಅಂಟಿಸಿದ ಹಸಿರು ದಾರಗಳು. ಪ್ರತಿ ದಾರದ ಪಕ್ಕ ಪುಸ್ತಕದ ಹೆಸರು, ಪುಟ, ಜಾಗ, ಅಲ್ಲಿಗೆ ಯಾವ ತಿಂಗಳಲ್ಲಿ ಹೋದರೆ ಚೆನ್ನ ಎನ್ನುವುದು.

"ಮೊದಲನೇದು ಸಿಕ್ಕಾಗ ಕಸ ಅಂದ್ಕೊಂಡೆ ಮೇಡಂ. ಆಮೇಲೆ ನಿಮ್ಮ ಕಸೂತಿ ನೋಡ್ದೆ. ಅದೇ ಹಸಿರು..."

ಹೊಲಿಗೆಗೆ ಬಂದವುಗಳಲ್ಲಿ ಸಿಕ್ಕದ್ದು ಎಂಟೇ ದಾರ. ಗಟ್ಟಿಯಾಗಿದ್ದ ಪುಸ್ತಕಗಳನ್ನು ಬೈಂಡರ್ ಕೈಗೆ ಯಾರು ಕೊಡುತ್ತಾರೆ? ಅಲ್ಲಿ ಗುತ್ತಿಗೆ ಕೆಲಸದವರಿಗೆ ಸದಸ್ಯತ್ವವಿಲ್ಲ. ಅದಕ್ಕೇ ಪಕ್ಕದ ಮನೆಯ ನರ್ಸನ್ನು ಕೇಳಿಕೊಂಡಿದ್ದ. ಅವಳು ಒಂದೊಂದಾಗಿ ಒಯ್ದು ಕೊಟ್ಟಿದ್ದಳು. ದಾರಗಳೆಲ್ಲ ಸಿಕ್ಕಿದ್ದರೂ, ಒಂದು ಊರಿನ ತಿಂಗಳು ಸರಿನೋಡಲು ಇಂದು ಇನ್ನೊಂದು ಪುಸ್ತಕ ಬೇಕಾಗಿತ್ತು. ಅದಕ್ಕೆ ಬದಲಾಗಿ ಅವಳ ಹಳೆಯ ಅಡುಗೆ ಪುಸ್ತಕಕ್ಕೆ ಹೊಸ ರಟ್ಟು ಬಿದ್ದಿತ್ತು.

"ಈ ವಯಸ್ಸಲ್ಲಿ ನನ್ನ ನೋಡಿ ಯಾರೋ ಹೊಟ್ಟೆ ಉರ್ಕೊಂಡ್ರಲ್ಲ," ಎಂದಳು ನರ್ಸ್, "ಜನ್ಮ ಸಾರ್ಥಕ ಆಯ್ತು ಬಿಡಿ." ಕೊಡೆ ಎತ್ತಿಕೊಂಡು, ಮುದುಕರನ್ನೂ ಚಹಾಕ್ಕೆ ಎಬ್ಬಿಸಿಕೊಂಡು ಹೊರಗೆ ಹೋದಳು.

ಶ್ ಮೇಡಂ ತಲೆ ಎತ್ತಲಿಲ್ಲ. ಹಾಳೆಯ ಮೇಲೆ ಬೆರಳಾಡಿಸುತ್ತಾ ಕೊನೆಯ ದಾರದ ಬಳಿ ನಿಂತಳು. ಅದರ ಪಕ್ಕ ಯಾವ ಊರೂ ಇರಲಿಲ್ಲ.

"ಇದು?"

"ಇದು ಪ್ರವಾಸದ ಪುಸ್ತಕದಲ್ಲಿ ಸಿಗಲಿಲ್ಲ." ಅವನ ದನಿ ಸಣ್ಣದಾಯಿತು. "ನಾನು ಸಹಿ ಹಾಕೋ ರಿಜಿಸ್ಟರ್ ಹೋದ ತಿಂಗಳು ಹೊಲಿಗೆಗೆ ಬಂದಿತ್ತಲ್ಲ, ಅದರಲ್ಲಿ ಸಿಕ್ತು. ಆ ಪುಟದಲ್ಲಿ ಜಾಗ ಯಾವುದೂ ಇರಲಿಲ್ಲ ಮೇಡಂ. ನನ್ನ ಸಹಿ ಮಾತ್ರ ಇತ್ತು."

ಅವಳಿಗೆ ನೆನಪಾಯಿತು. ಅವನು ಜ್ವರವೆಂದು ಬಾರದ ಆ ಒಂದು ಗುರುವಾರ, ಹಿಂದಿನ ವಾರದ ಸಹಿಯನ್ನೇ ನೋಡುತ್ತಾ ಕೂತಿದ್ದಳು. ಕೈಯಲ್ಲಿ ಕಸೂತಿಯ ದಾರವಿತ್ತು...

"ಅದು ಸಿಕ್ಕ ಮೇಲೇ ಪಟ್ಟಿ ಮೇಲೆ 'ಇಬ್ಬರಿಗೆ' ಅಂತ ಬರೆಯೋಕೆ ಧೈರ್ಯ ಬಂತು," ಎಂದ ಅವನು. "ತಪ್ಪಾಗಿದ್ರೆ ಹೇಳಿ, ಅಳಿಸ್ತೀನಿ."

ಅವಳು ಅವನ ಜೇಬಿನಿಂದ ಪೆನ್ಸಿಲು ತೆಗೆದು ಅವನ ಕೈಗೇ ಇಟ್ಟಳು.

"ಏನೂ ಅಳಿಸ್ಬೇಡಿ. ತಮ್ಮನಿಗೆ ನಾನು ಹೇಳ್ಕೋತೀನಿ. ಬರ್ಕೊಳ್ಳಿ."

"ಏನಂತ?"

"ಆ ಕೊನೇ ದಾರ ಇದೆಯಲ್ಲ... ಅದನ್ನ ಮೊದಲನೇ ಸಾಲಿಗೆ ಹಾಕಿ."