ನಾಲ್ಕನೆಯ ಮಹಡಿಯಲ್ಲಿ ನಿಲ್ಲದ ಲಿಫ್ಟು

ಆಸ್ಪತ್ರೆಯ ಲಿಫ್ಟು ಅಂದೂ ನಾಲ್ಕನೆಯ ಮಹಡಿಯಲ್ಲಿ ನಿಲ್ಲಲಿಲ್ಲ. ಗುಂಡಿ ಬೆಳಗಿತ್ತು. ಆದರೂ ಅದು ನೀಲಾಂಬಿಕೆಯನ್ನು ಏಳನೆಯ ಮಹಡಿಗೆ ಒಯ್ದು, ಯಾರೂ ಇಲ್ಲದ ಕಾರಿಡಾರಿಗೆ ಬಾಗಿಲು ತೆರೆದು, ಮತ್ತೆ ಕೆಳಗೆ ತಂದು ಬಿಟ್ಟಿತು. ಮೆಟ್ಟಿಲ ಬಾಗಿಲಿಗೆ ಕೈಯಿಟ್ಟಳು. ಒಳಗೆ ಚಿಲಕ ತಾನಾಗಿ ಬಿದ್ದ ಸದ್ದಾಯಿತು. ಅವಳ ಕೈಯ ಕಂಕಣ ಹಸಿರಾಗಿ ಮಿನುಗಿತು. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಅದರ ಅರ್ಥ.

ದಾವಣಗೆರೆಯಲ್ಲಿ ಆ ಹೊತ್ತಿಗೆ ಸರದಿ ಕಂಕಣ ಇಲ್ಲದ ಕೈಯೇ ಇರಲಿಲ್ಲ. ಬದುಕಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಒಮ್ಮೆ ಬರೆಸಿಬಿಟ್ಟರೆ ಸಾಕು. ಬಸ್ಸು, ಬಾಗಿಲು, ಕಚೇರಿ, ಲಿಫ್ಟುಗಳ ಜೊತೆ ಅದೇ ಮಾತಾಡಿಕೊಂಡು ದಿನವನ್ನು ಜೋಡಿಸುತ್ತಿತ್ತು. ಮನುಷ್ಯ ಬಾಯಲ್ಲಿ ಒಂದು, ಹೊಟ್ಟೆಯಲ್ಲಿ ಒಂದು ಇಟ್ಟುಕೊಳ್ಳುವ ಪ್ರಾಣಿ ಎಂಬುದು ಅದಕ್ಕೆ ಗೊತ್ತಿತ್ತು. ಹಾಗಾಗಿ ಅದು ಮಾತಿಗಿಂತ ನಾಡಿಯನ್ನು ನಂಬುತ್ತಿತ್ತು.

ಅಪ್ಪ ಚನ್ನವೀರಪ್ಪನವರ ಹೃದಯ ಸೋತ ದಿನ ನೀಲಾಂಬಿಕೆ ತನ್ನ ಪಟ್ಟಿಯನ್ನು ತಲೆಕೆಳಗು ಮಾಡಿದ್ದಳು. ತಾನು ಕೆಲಸ ಮಾಡುವ ನೀರು ಪರೀಕ್ಷಾಲಯದ ಬಡ್ತಿ ಕೊನೆಗೆ ಇಳಿಯಿತು. ‘ಅಪ್ಪನ ಪ್ರಾಣ’ ಮೊದಲ ಸಾಲಿಗೆ ಏರಿತು. ಹಾಸ್ಟೆಲಿನಿಂದ ಓಡಿಬಂದ ಮಗಳು ಸಿಂಚನಾಳ ಎದುರು ನಗುನಗುತ್ತ ಹೋಳಿಗೆ ತಟ್ಟಿ, "ನಂಗೇನಾಗೇತಿ, ಗಟ್ಟಿ ಇದೀನಿ" ಎಂದು ಹೇಳಿ ಕಳಿಸಿ, ಬಾಗಿಲು ಹಾಕಿಕೊಂಡು ಅಲ್ಲೇ ಕುಸಿದು ಕೂತಳು. ಮೂರು ದಿನ ಬಸ್ಸುಗಳು ಅವಳಿಗಾಗಿ ಕಾದು ನಿಂತವು. ನಾಲ್ಕನೆಯ ದಿನದಿಂದ ಅವೇ ಬಸ್ಸುಗಳು ಆಸ್ಪತ್ರೆಯ ಬೀದಿಯನ್ನು ಬಿಟ್ಟು ಬೇರೆ ಬೀದಿ ಹಿಡಿದವು. ನಡೆದು ಬಂದರೆ ಗೇಟಿನಲ್ಲಿ ಕಚೇರಿಯಿಂದ ಕರೆ. ಈಗ ಲಿಫ್ಟು. ಒಂಬತ್ತು ದಿನವಾಗಿತ್ತು, ನಾಲ್ಕನೆಯ ಮಹಡಿಯಲ್ಲಿದ್ದ ಅಪ್ಪನ ಮುಖ ಕಂಡಿರಲಿಲ್ಲ.

ಕಂಕಣವನ್ನು ರೂಪಿಸಿದವರಲ್ಲಿ ಒಬ್ಬರಾದ ಡಾಕ್ಟರ್ ಫರ್ಜಾನಾ ಆಸ್ಪತ್ರೆಯ ನೆಲಮಹಡಿಯಲ್ಲೇ ಕೂರುತ್ತಿದ್ದರು. ನೀಲಾಂಬಿಕೆ ನೇರ ಅವರ ಕೋಣೆಗೆ ಹೋದಳು.

"ನಿಮ್ಮ ಯಂತ್ರ ಕೆಟ್ಟೈತಿ ಮೇಡಂ. ಅಪ್ಪನ್ನ ನೋಡಾಕ ಬಿಡ್ತಿಲ್ಲ."

"ಕೆಟ್ಟಿಲ್ಲಮ್ಮ. ಇದನ್ನ ನೋಡಿ."

ಪರದೆಯ ಮೇಲೆ ಅವಳು ಕೊನೆಯ ಸಲ ಬಂದುಹೋದ ದಿನದ ದೃಶ್ಯ. ಅಪ್ಪ ಮಲಗಿದ್ದರು. ಮಗಳು ಬಂದಳೆಂದು ನರ್ಸ್ ಹೇಳಿದ್ದೇ ತಡ, ಮೂಗಿನ ನಳಿಕೆ ಕಿತ್ತು ದಿಂಬಿನಡಿ ತುರುಕಿದರು. ಅಂಗಿಯ ಗುಂಡಿ ಹಾಕಿ, ತಲೆ ಬಾಚಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಇಡೀ ಒಂದು ಗಂಟೆ ಕೆಮ್ಮನ್ನು ನುಂಗಿ ನಕ್ಕರು. ನೀಲಾಂಬಿಕೆ ಹೊರಟ ಮೇಲೆ ಮೂರು ಗಂಟೆ ಅವರು ಬದುಕುತ್ತಾರೋ ಇಲ್ಲವೋ ಎಂಬಂತಿತ್ತು.

ನಲವತ್ತು ವರ್ಷ ಡ್ರಿಲ್ ಮಾಸ್ತರಾಗಿದ್ದ ಮನುಷ್ಯ. ಮೈ ಬಿಗಿದು ನಿಲ್ಲಿಸುವ ಅವರ ‘ಸಾವಧಾನ್’ ಮೂರು ಬೀದಿಗೆ ಕೇಳುತ್ತಿತ್ತು. ಮೈ ಸಡಿಲ ಬಿಡಲು ‘ವಿಶ್ರಾಮ್’ ಹೇಳುವುದನ್ನು ಮಾತ್ರ ಮರೆಯುತ್ತಾರೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

"ನೀವು ಬಂದಾಗಲೆಲ್ಲ ಹೀಗೇ," ಎಂದರು ಫರ್ಜಾನಾ. "ಅಪ್ಪನ ಪ್ರಾಣ ಮೊದಲು ಅಂತ ಬರೆಸಿದ್ದೀರಿ. ಅದನ್ನ ಉಳಿಸೋಕೆ ಕಂಕಣ ನಿಮ್ಮನ್ನೇ ದೂರ ಇಡ್ತಿದೆ. ಹೀಗೆ ಆಗುತ್ತೆ ಅಂತ ನಮಗೂ ಹೊಳೆದಿರಲಿಲ್ಲ."

"ಹಂಗಾದ್ರೆ ನಾನು?"

"ಸಾಲು ಬದಲಾಯಿಸಬಹುದು. ‘ಅಪ್ಪನನ್ನು ನೋಡುವುದು’ ಮೇಲೆ, ‘ಅಪ್ಪನ ಪ್ರಾಣ’ ಅದರ ಕೆಳಗೆ. ಆದ್ರೆ ಅದನ್ನ ನಿಮ್ಮ ಕೈಯಿಂದಲೇ ಮಾಡಬೇಕು."

ಯಾವ ಮಗಳಿಗೂ ಬರಬಾರದ ಲೆಕ್ಕ ಅದು. ನೀಲಾಂಬಿಕೆ ಎರಡು ಸಾಲುಗಳನ್ನು ಅದಲುಬದಲು ಮಾಡಿ ಬೆರಳು ಒತ್ತಿದಳು. ಕಂಕಣ ಕೆಂಪಾಯಿತು. ಅಷ್ಟು ದೂರದಲ್ಲಿ ಲಿಫ್ಟಿನ ಬಾಗಿಲು ಯಾರೂ ಕರೆಯದೆ ತೆರೆದುಕೊಂಡಿತು.

ಅಪ್ಪ ಆಗಲೇ ಎದ್ದು ಕೂತಿದ್ದರು. ಗುಂಡಿ ಹಾಕಿದ ಅಂಗಿ, ಬಾಚಿದ ತಲೆ, ನೀಲಿಗಟ್ಟಿದ ತುಟಿ.

"ಬಾರವ್ವ. ಊಟ ಆತೇನು? ನಾನು ಆರಾಮಿದೀನಿ."

ಮಂಚದ ಪಕ್ಕದ ಯಂತ್ರ ಕಿರುಚಲು ಶುರುಮಾಡಿತು. ನೀಲಾಂಬಿಕೆ ಬಾಗಿಲಲ್ಲೇ ನಿಂತು, ಮೈದಾನದಲ್ಲಿ ನಿಂತವಳಂತೆ ಗಟ್ಟಿಯಾಗಿ ಹೇಳಿದಳು:

"ವಿಶ್ರಾಮ್, ಅಪ್ಪಾಜಿ."

ಅಪ್ಪ ಅವಳನ್ನೇ ನೋಡಿದರು. ಹೆಗಲು ಸಡಿಲಾಯಿತು. ಮೆಲ್ಲಗೆ ದಿಂಬಿಗೆ ಒರಗಿ, ಮಗಳೆದುರು ಮೊದಲ ಸಲ ಮನಸಾರೆ ಕೆಮ್ಮಿದರು. ಅವಳು ದಿಂಬಿನಡಿಯ ನಳಿಕೆಯನ್ನು ತೆಗೆದು ಮೂಗಿಗೆ ಸಿಕ್ಕಿಸಿದಳು. ಯಂತ್ರ ಸುಮ್ಮನಾಯಿತು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಕಣ್ಣೀರು ಬಿಡುತ್ತಿದ್ದಾಗ ಸಿಂಚನಾಳ ಫೋನು ಬಂತು.

"ಅಮ್ಮ, ಮೂರು ದಿನದಿಂದ ನಿನ್ನ ಹತ್ರ ಬರೋಕೆ ನೋಡ್ತಿದೀನಿ. ಸ್ಟಾಪಲ್ಲಿ ನಿಂತ್ರೆ ಬಸ್ಸು ಎದುರಿಗೇ ಹೋಗುತ್ತೆ, ನಿಲ್ಲಲ್ಲ. ಈಗ್ಲೂ ಒಂದು ಬರ್ತಿದೆ. ಕಂಕಣ ಮಾತ್ರ ಹಸಿರು."

ನೀಲಾಂಬಿಕೆ ತನ್ನ ಕಂಕಣವನ್ನು ನೋಡಿಕೊಂಡಳು. "ನಿನ್ನ ಮೊದಲನೇ ಸಾಲು ಏನೈತಿ ಮಗಾ?"

"ಅಮ್ಮ ಚೆನ್ನಾಗಿರಬೇಕು ಅಂತ."

ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಕೈ ಕಣ್ಣೊರೆಸಿಕೊಂಡಿತು. ಗಂಟಲು ಸರಿಮಾಡಿಕೊಂಡು, "ನಂಗೇನಾಗೇತಿ..." ಎಂದಳು.

ಹಾಸಿಗೆಯಿಂದ ಕಣ್ಣು ಮುಚ್ಚಿಕೊಂಡೇ ಅಪ್ಪ ಹೇಳಿದರು: "ವಿಶ್ರಾಮ್."

ನೀಲಾಂಬಿಕೆ ಹೆಗಲು ಇಳಿಬಿಟ್ಟಳು. "ನಂಗೆ ಬಾಳ ಹೆದರಿಕೆ ಆಗಾಕತ್ತೈತಿ, ಮಗಾ," ಎಂದಳು.

ಫೋನಿನ ಆ ತುದಿಯಲ್ಲಿ ಬಸ್ಸೊಂದು ಬ್ರೇಕು ಹಾಕಿದ ಸದ್ದು ಕೇಳಿಸಿತು.